ಕೊಡೆ ಯಾರ ಕೈಯಲ್ಲಿ?

ಸಂಜೆ ದೀಪ ಹಚ್ಚುವ ಹೊತ್ತು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ನಡುಮನೆಯಲ್ಲಿ ಕುಳಿತು ಇಂಗ್ಲಿಷ್ ವ್ಯಾಕರಣದ ಅಭ್ಯಾಸವನ್ನು ಬರೆಯುತ್ತಿದ್ದಾಳೆ. ಕೊಟ್ಟ ವಾಕ್ಯವನ್ನು ಕನ್ನಡಕ್ಕೆ ಪರಿವರ್ತಿಸಬೇಕು. ವಾಕ್ಯ ಇದು: 'ದಿ ಓಲ್ಡ್ ಮ್ಯಾನ್ ಸ್ಟಾಪ್ಡ್ ದಿ ಬಾಯ್ ವಿತ್ ಆನ್ ಅಂಬ್ರೆಲಾ.' ಹುಡುಗಿ ಕ್ಷಣವೂ ಯೋಚಿಸದೆ, 'ಮುದುಕನು ಕೊಡೆಯಿಂದ ಹುಡುಗನನ್ನು ತಡೆದನು' ಎಂದು ಬರೆದುಬಿಟ್ಟಳು. ಪತ್ರಿಕೆ ಓದುತ್ತಿದ್ದ ತಂದೆ ಬಗ್ಗಿ ನೋಡಿದರು.

"ತಪ್ಪು ಬರೆದಿದ್ದೀಯಮ್ಮ. ಕೊಡೆ ಹಿಡಿದಿದ್ದ ಹುಡುಗನನ್ನು ಮುದುಕ ತಡೆದ ಅಂತ ಆಗಬೇಕು."

"ಇಲ್ಲಪ್ಪ, ಮುದುಕನೇ ಕೊಡೆ ಅಡ್ಡ ಚಾಚಿ ತಡೆದದ್ದು. ನೋಡಪ್ಪ, ವಿತ್ ಅಂದರೆ 'ಇಂದ' ಅಂತ ಮಿಸ್ ಬರೆಸಿದ್ದಾರೆ."

ತಂದೆ ತಮ್ಮ ಹಳೆಯ ಮೇಷ್ಟರ ಹೆಸರು ಹೇಳಿದರು. ಮಗಳು ತನ್ನ ನೋಟ್ ಬುಕ್ಕನ್ನು ಮುಂದೆ ಹಿಡಿದಳು. ಅಡಿಗೆಮನೆಯ ಬಾಗಿಲಲ್ಲಿ ಹುರುಳಿಕಾಯಿ ಸೋಸುತ್ತಿದ್ದ ಅಜ್ಜಿ ಇಬ್ಬರ ಮಾತನ್ನೂ ಕೇಳಿ, "ಕೊಡೆ ಯಾರ ಕೈಯಲ್ಲಿತ್ತೇ ಪುಟ್ಟಿ? ಅದನ್ನ ಮೊದಲು ತಿಳಕೊಂಡು ಆಮೇಲೆ ಬರಿ" ಎಂದರು.

ಮೂವರ ಪೈಕಿ ವ್ಯಾಕರಣದ ಮರ್ಮವನ್ನು ಮುಟ್ಟಿದವರು ಇಂಗ್ಲಿಷ್ ಬಾರದ ಅಜ್ಜಿಯೇ. ಮಗಳ ಅನುವಾದವೂ ಸರಿ, ತಂದೆಯ ಅನುವಾದವೂ ಸರಿ. ಇಂಗ್ಲಿಷ್ ವಾಕ್ಯದ ಒಂದಕ್ಷರವನ್ನೂ ತಿದ್ದದೆ ಎರಡರ್ಥವನ್ನೂ ಅದರಿಂದ ತೆಗೆಯಬಹುದು. ತೊಡಕೆಲ್ಲ ಇರುವುದು ಕೊನೆಯ ಮೂರು ಪದಗಳಲ್ಲಿ, 'ವಿತ್ ಆನ್ ಅಂಬ್ರೆಲಾ' ಎಂಬಲ್ಲಿ. ಇದನ್ನು ಇಂಗ್ಲಿಷ್ ವೈಯಾಕರಣರು ಪ್ರಿಪೊಸಿಷನಲ್ ಫ್ರೇಸ್ ಎನ್ನುತ್ತಾರೆ. ಪ್ರಿಪೊಸಿಷನ್ ಎಂದರೆ ಮುಂದೆ ಇಟ್ಟದ್ದು. ಲ್ಯಾಟಿನ್ನಿನಿಂದ ಬಂದ ಹೆಸರು. ನಾಮಪದದ ಮುಂಚೆ ಬಂದು ನಿಲ್ಲುವ 'ಇನ್', 'ಆನ್', 'ವಿತ್', 'ಫ್ರಮ್' ಮೊದಲಾದ ಪುಟ್ಟ ಪದ, ಅದರ ಹಿಂದೆ ಬರುವ ನಾಮಪದ, ಎರಡೂ ಕೂಡಿದರೆ ಒಂದು ಪದಪುಂಜ. ಇಂಗ್ಲಿಷಿನಲ್ಲಿ ತಲೆಯ ಕಡೆ ಬರುವುದು ಕನ್ನಡದಲ್ಲಿ ಬಾಲದ ಕಡೆ ಬರುತ್ತದೆ: 'ಇನ್ ದಿ ಹೌಸ್' ಎಂಬುದು 'ಮನೆಯಲ್ಲಿ' ಆಗುತ್ತದೆ. ಇಷ್ಟನ್ನು ಶಾಲೆಯ ಮಕ್ಕಳೆಲ್ಲರೂ ಬಲ್ಲರು. 'ಇನ್' ಎಂದರೆ ಅಲ್ಲಿ, 'ಟು' ಎಂದರೆ ಗೆ, 'ಫ್ರಮ್' ಎಂದರೆ ಇಂದ ಎಂದು ಮಗ್ಗಿಯಂತೆ ಬಾಯಿಪಾಠ ಮಾಡಿರುತ್ತಾರೆ. ಆ ಮಗ್ಗಿ ಸುಳ್ಳಲ್ಲ. ಆದರೆ ಅದು ಕಲಿಸುವುದು ಅರ್ಧ ಪಾಠವನ್ನು ಮಾತ್ರ. ಪುಟ್ಟ ಪದಕ್ಕೂ ಅದರ ನಾಮಪದಕ್ಕೂ ಇರುವ ನಂಟನ್ನು ಅದು ಹೇಳುತ್ತದೆ. ಇಡಿಯ ಪದಪುಂಜವು ವಾಕ್ಯದಲ್ಲಿ ಯಾರ ಹೆಗಲಿಗೆ ಒರಗಿಕೊಂಡಿದೆ ಎಂಬುದನ್ನು ಹೇಳುವುದಿಲ್ಲ.

ಪುಸ್ತಕವೊಂದನ್ನು ಮೇಜಿನ ಮೇಲೆ ಇಟ್ಟು ನೋಡಬಹುದು. 'ಶಿ ಕೆಪ್ಟ್ ದಿ ಬುಕ್ ಆನ್ ದಿ ಟೇಬಲ್.' ಅವಳು ಪುಸ್ತಕವನ್ನು ಮೇಜಿನ ಮೇಲೆ ಇಟ್ಟಳು. ಇಲ್ಲಿ 'ಆನ್ ದಿ ಟೇಬಲ್' ಎಂಬುದು ಕ್ರಿಯಾಪದಕ್ಕೆ ಸೇರಿದ್ದು. ಎಲ್ಲಿ ಇಟ್ಟಳು ಎಂಬ ಪ್ರಶ್ನೆಗೆ ಉತ್ತರ. ಇನ್ನು, 'ದಿ ಬುಕ್ ಆನ್ ದಿ ಟೇಬಲ್ ಈಸ್ ಮೈನ್.' ಮೇಜಿನ ಮೇಲಿನ ಪುಸ್ತಕ ನನ್ನದು. ಇಲ್ಲಿ ಅದೇ ಪದಪುಂಜ ನಾಮಪದಕ್ಕೆ ವಿಶೇಷಣವಾಗಿ ಅಂಟಿಕೊಂಡಿದೆ. ಯಾವ ಪುಸ್ತಕ ಎಂಬ ಪ್ರಶ್ನೆಗೆ ಉತ್ತರ. ಇಂಗ್ಲಿಷಿನಲ್ಲಿ ಎರಡು ಕಡೆಯೂ ಅದೇ ಮೂರು ಪದಗಳು, ಅದೇ ಉಡುಪು. ಕನ್ನಡದಲ್ಲಿ ಹಾಗಲ್ಲ. ಮೊದಲನೆಯದು 'ಮೇಲೆ', ಎರಡನೆಯದು 'ಮೇಲಿನ'. ಒಳಗೆ ಹೋದನು, ಒಳಗಿನ ಕೋಣೆ. ಸ್ನೇಹಿತನ ಜೊತೆಗೆ ಬಂದನು, ಸ್ನೇಹಿತನ ಜೊತೆಗಿನ ಮಾತು. ಎರಡು ಊರುಗಳ ನಡುವೆ ನಿಂತಿತು, ಎರಡು ಊರುಗಳ ನಡುವಣ ದಾರಿ. ಅಕ್ಷರ ಬಾರದ ಕನ್ನಡಿಗನೂ ಈ ವ್ಯತ್ಯಾಸವನ್ನು ತಪ್ಪದೆ ಪಾಲಿಸುತ್ತಾನೆ. ಪಾಲಿಸುತ್ತಿರುವುದು ಅವನಿಗೆ ತಿಳಿದಿರುವುದೂ ಇಲ್ಲ.

'ಮೇಲಿನ' ಎಂಬಲ್ಲಿ ಕೊನೆಗೆ ಬಂದು ಕುಳಿತಿರುವುದು ಷಷ್ಠೀ ವಿಭಕ್ತಿಯ 'ಅ'ಕಾರ. ಹಳೆಯ ವೈಯಾಕರಣರ ಒಂದು ಸೂಕ್ಷ್ಮ ದೃಷ್ಟಿಯನ್ನು ಇಲ್ಲಿ ನೆನೆಯಬೇಕು. ಪಾಣಿನಿಯ ಸಂಪ್ರದಾಯದಲ್ಲಿ ಕಾರಕಗಳು ಆರು: ಕರ್ತೃ, ಕರ್ಮ, ಕರಣ, ಸಂಪ್ರದಾನ, ಅಪಾದಾನ, ಅಧಿಕರಣ. ವಿಭಕ್ತಿಗಳು ಏಳಾದರೂ ಕಾರಕಗಳು ಆರೇ, ಏಕೆಂದರೆ ಷಷ್ಠಿಗೆ ಆ ಪಂಕ್ತಿಯಲ್ಲಿ ಎಲೆ ಹಾಕಿಲ್ಲ. ಕಾರಕವೆಂದರೆ ಕ್ರಿಯೆಯೊಡನೆ ನಾಮಪದಕ್ಕಿರುವ ನಂಟು. ಷಷ್ಠಿ ಹೇಳುವುದು ನಾಮಪದಕ್ಕೂ ನಾಮಪದಕ್ಕೂ ಇರುವ ಸಂಬಂಧವನ್ನು: ರಾಮನ ಮನೆ, ಮರದ ನೆರಳು. 13ನೆಯ ಶತಮಾನದಲ್ಲಿ ಕೇಶಿರಾಜನು 'ಶಬ್ದಮಣಿದರ್ಪಣ'ವನ್ನು ರಚಿಸಿ ಕನ್ನಡದ ಏಳು ವಿಭಕ್ತಿಗಳನ್ನು ಸೂತ್ರಗಳಲ್ಲಿ ಹಿಡಿದಿಟ್ಟಾಗ ಅವನ ಬೆನ್ನಿಗಿದ್ದುದು ಈ ಪರಂಪರೆಯೇ. ಈ ಕಣ್ಣಿನಿಂದ ನೋಡಿದರೆ ಇಂಗ್ಲಿಷಿನ ತೊಡಕು ಒಮ್ಮೆಗೇ ಬಿಡಿಸಿಕೊಳ್ಳುತ್ತದೆ. ಇಂಗ್ಲಿಷಿನ ಪದಪುಂಜವು ಒಮ್ಮೆ ಕಾರಕವಾಗಿ ಕ್ರಿಯೆಯನ್ನು ಸೇರುತ್ತದೆ, ಒಮ್ಮೆ ಷಷ್ಠಿಯಂತೆ ನಾಮಪದವನ್ನು ಸೇರುತ್ತದೆ. ಎರಡಕ್ಕೂ ಪ್ರತ್ಯೇಕ ಗುರುತನ್ನು ಧರಿಸುವುದಿಲ್ಲ. ಬೆಳಿಗ್ಗೆ ಪುರೋಹಿತ್ಯ, ಹಗಲು ಗುಮಾಸ್ತಗಿರಿ ಮಾಡುವವನು ಎರಡು ಕಡೆಗೂ ಒಂದೇ ಪಂಚೆಯಲ್ಲಿ ಹೋದಂತೆ. ಗುರುತು ಹಿಡಿಯುವ ಹೊಣೆ ನೋಡುವವನದು.

ಕನ್ನಡದಲ್ಲಿ ಗೊಂದಲವೇ ಇಲ್ಲವೆಂದು ಬೀಗುವಂತಿಲ್ಲ. 'ಶಾಲೆಯಲ್ಲಿ ಕದ್ದ ಪುಸ್ತಕವನ್ನು ಓದಿದನು' ಎಂದರೆ ಶಾಲೆಯಲ್ಲಿ ನಡೆದದ್ದು ಕಳ್ಳತನವೋ ಓದೋ? ಒಂದು ವಾಕ್ಯದಲ್ಲಿ ಎರಡು ಕ್ರಿಯೆಗಳಿದ್ದರೆ 'ಶಾಲೆಯಲ್ಲಿ' ಎಂಬುದು ಯಾವ ಕ್ರಿಯೆಯ ಕಡೆಗೆ ವಾಲಿತೆಂದು ತಿಳಿಯದು. ಆದರೆ ಕ್ರಿಯೆಗೋ ನಾಮಕ್ಕೋ ಎಂಬ ಸಂದೇಹ ಮಾತ್ರ ಕನ್ನಡದಲ್ಲಿ ಅಪರೂಪ.

ಇಂಗ್ಲಿಷ್ ಹೀಗಾದುದು ಹುಟ್ಟಿನಿಂದಲ್ಲ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿಗೂ ವಿಭಕ್ತಿ ಪ್ರತ್ಯಯಗಳಿದ್ದುವು. ನಾಮಪದದ ಕೊನೆಯನ್ನು ನೋಡಿದರೆ ಕರ್ತೃ ಯಾರು, ಕೊಟ್ಟದ್ದು ಯಾರಿಗೆ ಎಂಬುದು ಬಹುಮಟ್ಟಿಗೆ ತಿಳಿಯುತ್ತಿತ್ತು. ಮಾತಿನ ಒತ್ತೆಲ್ಲ ಪದದ ಮೊದಲ ಭಾಗದ ಮೇಲೆ ಬೀಳುತ್ತಿದ್ದುದರಿಂದ ಕೊನೆಯ ಸ್ವರಗಳು ಸವೆದುವು. ಒಂದು ಪ್ರತ್ಯಯಕ್ಕೂ ಮತ್ತೊಂದಕ್ಕೂ ಭೇದ ಅಳಿಸಿತು. ಉತ್ತರದಿಂದ ಬಂದು ನೆಲೆಸಿದವರೊಡನೆ ನಡೆದ ಬಳಕೆಯೂ, 1066ರ ನಾರ್ಮನ್ ವಿಜಯದ ಅನಂತರ ಹಳೆಯ ಬರವಣಿಗೆಯ ಕಟ್ಟು ಸಡಿಲಿದುದೂ ಇದಕ್ಕೆ ಒತ್ತಾಸೆಯಾದುವು. ಇಂದು ಉಳಿದಿರುವುದು 'ಹಿಮ್', 'ಹೂಮ್' ಮೊದಲಾದ ಕೆಲವು ಸರ್ವನಾಮಗಳೂ, 'ಕಿಂಗ್ಸ್' ಎಂಬಲ್ಲಿನ ಷಷ್ಠಿಯ ಸಕಾರವೂ ಅಷ್ಟೆ. ಪ್ರತ್ಯಯಗಳು ಹೊತ್ತಿದ್ದ ಭಾರ ಪ್ರಿಪೊಸಿಷನ್ನುಗಳ ಹೆಗಲಿಗೂ ಪದಗಳು ನಿಲ್ಲುವ ಸ್ಥಾನದ ಮೇಲೂ ಬಿದ್ದಿತು. ಇಂಗ್ಲಿಷಿನಲ್ಲಿ ಸ್ಥಾನವೇ ಮಾನ ಎಂದರೆ ಅತಿಶಯೋಕ್ತಿಯಲ್ಲ.

ಹಾಗಾದರೆ ಪದಪುಂಜದ ಯಜಮಾನನನ್ನು ಹುಡುಕುವ ಬಗೆ ಯಾವುದು? ಅದನ್ನು ಎತ್ತಿ ಬೇರೆ ಕಡೆ ಇಟ್ಟು ನೋಡುವುದು ಒಂದು ಉಪಾಯ. 'ವಿತ್ ಆನ್ ಅಂಬ್ರೆಲಾ' ಎಂಬುದನ್ನು ವಾಕ್ಯದ ಮೊದಲಿಗೆ ತಂದರೆ ಹುಡುಗನ ಕೈಯಲ್ಲಿ ಕೊಡೆ ಉಳಿಯುವುದಿಲ್ಲ. ಅದು ಮುದುಕನ ಪಾಲಾಗುತ್ತದೆ. 'ದಿ ಬಾಯ್ ವಿತ್ ಆನ್ ಅಂಬ್ರೆಲಾ ವಾಸ್ ಸ್ಟಾಪ್ಡ್' ಎಂದು ಕರ್ಮಣಿಗೆ ತಿರುಗಿಸಿದರೆ ಕೊಡೆ ಹುಡುಗನದೇ. ಕ್ರಿಯಾಪದದ ಹಸಿವನ್ನು ಗಮನಿಸುವುದು ಇನ್ನೊಂದು ಉಪಾಯ. 'ಪುಟ್' ಎಂಬ ಕ್ರಿಯಾಪದ ಏನನ್ನು ಎಂಬುದಕ್ಕೆ ಉತ್ತರ ಸಿಕ್ಕರೂ ತೃಪ್ತಿಗೊಳ್ಳುವುದಿಲ್ಲ, ಎಲ್ಲಿ ಎಂಬುದೂ ಅದಕ್ಕೆ ಬೇಕು. 'ಶಿ ಪುಟ್ ದಿ ಮಿಲ್ಕ್' ಎಂದು ನಿಲ್ಲಿಸಿದರೆ ಇಂಗ್ಲಿಷ್ ಕಿವಿಗೆ ಮಾತು ಅರ್ಧಕ್ಕೇ ಕಡಿದಂತೆ. ಕನ್ನಡದಲ್ಲಿ 'ಹಾಲು ಇಟ್ಟಳು' ಎಂದರೆ ಒಲೆಯ ಮೇಲೆಯೋ ಬೆಕ್ಕಿನ ಮುಂದೆಯೋ ಕೇಳುವವರೇ ಊಹಿಸಿಕೊಳ್ಳುತ್ತಾರೆ.

ಮೂರನೆಯದು ಲೋಕಜ್ಞಾನ. 'ಹಿ ಏಟ್ ದಿ ರೈಸ್ ವಿತ್ ಎ ಸ್ಪೂನ್', 'ವಿತ್ ಕರ್ಡ್ಸ್', 'ವಿತ್ ಹಿಸ್ ಬ್ರದರ್.' ಮೂರರಲ್ಲೂ ಅದೇ 'ವಿತ್'. ಚಮಚದಿಂದ ತಿಂದ, ಮೊಸರು ಕಲಸಿಕೊಂಡು ತಿಂದ, ತಮ್ಮನೊಡನೆ ಕುಳಿತು ತಿಂದ. ಚಮಚವನ್ನು ತಿನ್ನಲಾಗದು, ತಮ್ಮನನ್ನು ಕಲಸಲಾಗದು ಎಂಬುದು ವ್ಯಾಕರಣದಿಂದ ತಿಳಿದುದಲ್ಲ. ಮಗ್ಗಿಯಂತೆ 'ವಿತ್ ಎಂದರೆ ಇಂದ' ಎಂದು ಕಲಿತ ಮಗು ತಮ್ಮನಿಂದ ಅನ್ನ ತಿಂದನೆಂದು ಬರೆದರೆ ಆಶ್ಚರ್ಯವಿಲ್ಲ.

ಪದಪುಂಜಗಳು ಒಂದರ ಹಿಂದೊಂದು ರೈಲಿನ ಡಬ್ಬಿಗಳಂತೆ ಸೇರಿಕೊಂಡಾಗಲಂತೂ ಲೆಕ್ಕ ಬೆಳೆಯುತ್ತದೆ. ಕ್ರಿಯಾಪದ, ಅದರ ಕರ್ಮಪದ, ಅದರ ಮುಂದೆ ಒಂದು ಪದಪುಂಜವಿದ್ದರೆ ಎರಡು ಬಗೆಯಲ್ಲಿ ಓದಬಹುದು. ಎರಡು ಪದಪುಂಜಗಳಿದ್ದರೆ ಐದು ಬಗೆ; ಮೂರಿದ್ದರೆ 14; ನಾಲ್ಕಿದ್ದರೆ 42. 'ಅಡಿಗೆಮನೆಯ ಗೂಡಿನ ಮೇಲಿನ ಡಬ್ಬಿಯಲ್ಲಿ ಕಾಗದವನ್ನಿಡು' ಎಂಬ ಸಾಧಾರಣ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದರೆ ವ್ಯಾಕರಣದ ದೃಷ್ಟಿಯಿಂದ ಅದಕ್ಕೆ 14 ರೂಪಗಳು! 1982ರಲ್ಲಿ ಕೆನೆತ್ ಚರ್ಚ್ ಮತ್ತು ರಮೇಶ್ ಪಾಟೀಲ್ ಎಂಬ ವಿದ್ವಾಂಸರು ಗಣಕಯಂತ್ರಕ್ಕೆ ಇಂಗ್ಲಿಷ್ ಕಲಿಸುವ ಪ್ರಸಂಗದಲ್ಲಿ ಈ ಸಂಖ್ಯೆಗಳ ಏರಿಕೆಯನ್ನು ವಿವರಿಸಿದರು. ಹೇಳಿದ ಕೆಲಸ ಮಾಡುವ ಗೃಹಿಣಿಗೆ ಒಂದೇ ಅರ್ಥ ಹೊಳೆಯುತ್ತದೆ. ಯಂತ್ರಕ್ಕೆ ಹದಿನಾಲ್ಕೂ ಕಾಣುತ್ತವೆ.

ಪ್ರಿಪೊಸಿಷನ್ನು ತನ್ನ ನಾಮಪದವನ್ನು ಬಿಟ್ಟು ವಾಕ್ಯದ ಕೊನೆಯಲ್ಲಿ ಒಂಟಿಯಾಗಿ ನಿಲ್ಲುವುದೂ ಉಂಟು: 'ದಿ ಹೌಸ್ ಶಿ ಲಿವ್ಸ್ ಇನ್.' ಇದು ಅಶುದ್ಧವೆಂದು ಹೆದರಿಸುವ ಉಪಾಧ್ಯಾಯರು ಇಂದಿಗೂ ಇದ್ದಾರೆ. ಈ ಹೆದರಿಕೆಯ ಮೂಲಪುರುಷರಲ್ಲಿ ಮುಖ್ಯನು ಕವಿ ಜಾನ್ ಡ್ರೈಡನ್. 1672ರಲ್ಲಿ ಆತನು ತನಗಿಂತ ಹಿಂದಿನ ಬೆನ್ ಜಾನ್ಸನ್ನನ ಬರಹದಲ್ಲಿ ಇದನ್ನು ದೋಷವೆಂದು ಎತ್ತಿ ತೋರಿಸಿದನು. ತನ್ನ ಬರಹದಲ್ಲೂ ಅದೇ ದೋಷವಿದೆಯೆಂದು ಒಪ್ಪಿ, ನಾಟಕಕಲೆಯನ್ನು ಕುರಿತ ತನ್ನ ಪ್ರಬಂಧವನ್ನು 1684ರಲ್ಲಿ ಮತ್ತೆ ಅಚ್ಚುಮಾಡಿಸುವಾಗ ಅಂಥ ವಾಕ್ಯಗಳನ್ನು ತಿದ್ದಿದನು. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್ ಎಂಬ ಪಾದ್ರಿ ಅಷ್ಟು ಕಟುವಲ್ಲ. ಮಾತಿನಲ್ಲಿ ಇದು ಸಹಜ, ಗಂಭೀರ ಬರವಣಿಗೆಯಲ್ಲಿ ಬಿಡುವುದು ಲೇಸು ಎಂದಷ್ಟೇ ಆತನ ಅಭಿಪ್ರಾಯ. ಅದನ್ನು ಹೇಳುವ ವಾಕ್ಯದಲ್ಲೇ ಆತನೂ ಪ್ರಿಪೊಸಿಷನ್ನನ್ನು ಕೊನೆಗೆ ಜಾರಿಸಿದ್ದಾನೆ! 1926ರಲ್ಲಿ ಫೌಲರ್ ತನ್ನ ಪ್ರಸಿದ್ಧ ನಿಘಂಟಿನಲ್ಲಿ ಇದೊಂದು ಮೂಢನಂಬಿಕೆಯೆಂದು ಸಾರಿದನು. ಶತಮಾನ ಕಳೆಯುತ್ತ ಬಂದರೂ ಕೆಂಪು ಶಾಯಿಗೆ ಸುದ್ದಿ ಮುಟ್ಟಿದಂತಿಲ್ಲ.

ಕನ್ನಡಿಗರ ಇಂಗ್ಲಿಷಿನಲ್ಲಿ ತಿದ್ದಬೇಕಾದ ತಪ್ಪುಗಳು ಬೇರೆ ಕಡೆ ಇವೆ. 'ಅವನಿಗೆ ನನ್ನ ಮೇಲೆ ಕೋಪ' ಎಂಬುದು 'ಆಂಗ್ರಿ ಆನ್ ಮಿ' ಆಗುತ್ತದೆ; ಇಂಗ್ಲಿಷಿನಲ್ಲಿ ಕೋಪ 'ವಿತ್' ಜೊತೆಗೆ ಬರುತ್ತದೆ. 'ಅವಳೊಡನೆ ಮದುವೆಯಾಯಿತು' ಎಂಬುದು 'ಮ್ಯಾರೀಡ್ ವಿತ್' ಆಗುತ್ತದೆ. ಅಲ್ಲಿ ಬೇಕಾದುದು 'ಟು'. 'ಆ ವಿಷಯವಾಗಿ ಚರ್ಚಿಸಿದೆವು' ಎಂಬುದರಿಂದ 'ಡಿಸ್ಕಸ್ಡ್ ಅಬೌಟ್' ಹುಟ್ಟುತ್ತದೆ; 'ಡಿಸ್ಕಸ್' ಎಂಬ ಕ್ರಿಯಾಪದಕ್ಕೆ ಮಧ್ಯಸ್ಥನೇ ಬೇಡ. ಇವು ಅಜ್ಞಾನದಿಂದಾದ ತಪ್ಪುಗಳಲ್ಲ, ಕನ್ನಡವನ್ನು ಸರಿಯಾಗಿ ಬಲ್ಲವರ ತಪ್ಪುಗಳು. ಇನ್ನೂ ಒಂದು ಮೋಸವುಂಟು. 'ಹಿ ಟರ್ನ್ಡ್ ಆಫ್ ದಿ ರೋಡ್' ಎಂದರೆ ರಸ್ತೆಯನ್ನು ಬಿಟ್ಟು ತಿರುಗಿದ. 'ಆಫ್ ದಿ ರೋಡ್' ಎಂಬುದು ನಿಜವಾದ ಪದಪುಂಜ. 'ಹಿ ಟರ್ನ್ಡ್ ಆಫ್ ದಿ ಲೈಟ್' ಎಂದರೆ ದೀಪ ಆರಿಸಿದ. ಇಲ್ಲಿ 'ಆಫ್' ಸೇರಿರುವುದು ಕ್ರಿಯಾಪದದ ಮನೆಗೆ. 'ಟರ್ನ್ಡ್ ದಿ ಲೈಟ್ ಆಫ್' ಎಂದೂ ಹೇಳಬಹುದು. ರಸ್ತೆಯನ್ನು ಹಾಗೆ ನಡುವೆ ತೂರಿಸಲು ಬರುವುದಿಲ್ಲ.

ಇಷ್ಟೆಲ್ಲ ತಪ್ಪಿದರೂ ಹುಡುಗಿಗೆ ನಷ್ಟವಾಗುವುದು ಒಂದೆರಡು ಅಂಕ. ಪದಪುಂಜದ ಮೇಲೆ ಒಂದು ಸಂಸಾರದ ಅನ್ನವೇ ನಿಂತಿರುವ ಸಂದರ್ಭಗಳೂ ಉಂಟು.

ಭಾರತದಲ್ಲಿ 1923ರಲ್ಲಿ ಕಾರ್ಮಿಕರ ಪರಿಹಾರ ಕಾಯಿದೆ ಬಂದಿತು. ಕೆಲಸದಲ್ಲಿ ಗಾಯಗೊಂಡ ಕಾರ್ಮಿಕನಿಗೆ, ಸತ್ತರೆ ಅವನ ಆಶ್ರಿತರಿಗೆ, ಮಾಲೀಕನು ಪರಿಹಾರ ಕೊಡಬೇಕೆಂದು ಅದರ ಮೂರನೆಯ ಪ್ರಕರಣ ಹೇಳಿತು. ಎಂಥ ಅಪಘಾತಕ್ಕೆ? 'ಆಕ್ಸಿಡೆಂಟ್ ಅರೈಸಿಂಗ್ ಔಟ್ ಆಫ್ ಅಂಡ್ ಇನ್ ದಿ ಕೋರ್ಸ್ ಆಫ್ ಹಿಸ್ ಎಂಪ್ಲಾಯ್‌ಮೆಂಟ್.' ಈ ಮಾತು 1897ರ ಬ್ರಿಟಿಷ್ ಕಾಯಿದೆಯಿಂದ ಇಳಿದು ಬಂದುದು. ಇಲ್ಲಿ ಎರಡು ಪದಪುಂಜಗಳು ಒಂದೇ ನಾಮಪದವನ್ನು ಹಂಚಿಕೊಂಡಿವೆ. 'ಔಟ್ ಆಫ್' ಎಂಬುದು ಕೇಶಿರಾಜನ ಪಂಚಮಿಯ ಭಾವ: ಅಪಘಾತವು ಉದ್ಯೋಗದಿಂದ ಹುಟ್ಟಿರಬೇಕು. 'ಇನ್ ದಿ ಕೋರ್ಸ್ ಆಫ್' ಎಂಬುದು ಸಪ್ತಮಿಯ ಭಾವ: ಅಪಘಾತವು ಉದ್ಯೋಗದ ನಡುವೆ, ಅದರ ಅವಧಿಯಲ್ಲಿ ನಡೆದಿರಬೇಕು. ಮಧ್ಯೆ ಕುಳಿತಿರುವುದು 'ಅಂಡ್', 'ಆರ್' ಅಲ್ಲ. ಎರಡೂ ಕೂಡಿದರೆ ಮಾತ್ರ ಹಣ. ಎರಡೂ ಆತುಕೊಂಡಿರುವುದು 'ಅರೈಸಿಂಗ್' ಎಂಬ ಪದವನ್ನು, ಆ ಪದ 'ಆಕ್ಸಿಡೆಂಟ್' ಎಂಬ ನಾಮಪದವನ್ನು. ಈ ಸರಪಣಿಯ ಯಾವ ಕೊಂಡಿ ಎಲ್ಲಿಯವರೆಗೆ ಎಳೆಯುತ್ತದೆ ಎಂಬುದನ್ನು ನ್ಯಾಯಾಲಯಗಳು ನೂರು ವರ್ಷಗಳಿಂದ ಅಳೆಯುತ್ತಿವೆ.

1952ರ ಜೂನ್ ತಿಂಗಳಲ್ಲಿ ಪೋರಬಂದರಿನ ಉಪ್ಪಿನ ಕಾರ್ಖಾನೆಯೊಂದರ ಕೆಲಸಗಾರರು ಕೆಲಸ ಮುಗಿಸಿ ದೋಣಿ ಹತ್ತಿ ಕೊಲ್ಲಿಯನ್ನು ದಾಟುತ್ತಿದ್ದರು. ಹವೆ ಕೆಟ್ಟಿತ್ತು, ದೋಣಿಯಲ್ಲಿ ಜನ ಹೆಚ್ಚಿತ್ತು; ದೋಣಿ ಮಗುಚಿ ಹಲವರು ಮುಳುಗಿ ಸತ್ತರು. 1958ರಲ್ಲಿ ಸುಪ್ರೀಂ ಕೋರ್ಟು, ಇದು ಉದ್ಯೋಗದ ನಡುವೆ ನಡೆದುದಲ್ಲವೆಂದು ತೀರ್ಪಿತ್ತಿತು. ಕಾರ್ಖಾನೆಯ ಗೇಟಿನ ಆಚೆಗೂ ಉದ್ಯೋಗದ ಎಲ್ಲೆಯನ್ನು ಸ್ವಲ್ಪ ದೂರ ಹಿಗ್ಗಿಸಬಹುದು. ಆದರೆ ಎಲ್ಲರೂ ಓಡಾಡುವ ದಾರಿಗೆ, ಎಲ್ಲರೂ ಹತ್ತುವ ದೋಣಿಗೆ ಬಂದಮೇಲೆ ಕಾರ್ಮಿಕನೂ ಎಲ್ಲರಲ್ಲಿ ಒಬ್ಬನು. 'ಇನ್' ಎಂಬ ಪದದ ಎಲ್ಲೆ ನೀರಿನ ಅಂಚಿಗೇ ನಿಂತಿತು.

ಐದು ವರ್ಷಗಳ ಮೇಲೆ, 1963ರಲ್ಲಿ, ಅದೇ ನ್ಯಾಯಾಲಯದ ಮುಂದೆ ಮುಂಬಯಿಯ ಬಸ್ಸು ಚಾಲಕನೊಬ್ಬನ ವಿಧವೆಯ ಮೊಕದ್ದಮೆ ಬಂದಿತು. ಆತನು 1957ರಲ್ಲಿ ಒಂದು ದಿನ ಪಾಳಿ ಮುಗಿಸಿ ತನ್ನ ಬಸ್ಸನ್ನು ಡಿಪೋದಲ್ಲಿ ಬಿಟ್ಟು, ಮನೆಗೆ ಹೋಗಲು ತನ್ನ ಸಂಸ್ಥೆಯದೇ ಮತ್ತೊಂದು ಬಸ್ಸನ್ನು ಹತ್ತಿದ್ದನು. ಆ ಬಸ್ಸು ಲಾರಿಯೊಂದಕ್ಕೆ ಬಡಿಯಿತು, ಚಾಲಕ ಸತ್ತನು. ಕೆಲಸ ಮುಗಿದಿತ್ತು, ಡಿಪೋ ಹಿಂದೆ ಉಳಿದಿತ್ತು. ಆದರೂ ಬಹುಮತದ ತೀರ್ಪು ವಿಧವೆಯ ಕಡೆಗಾಯಿತು. ನಗರದುದ್ದಕ್ಕೂ ಹಬ್ಬಿದ ಬಸ್ಸಿನ ವ್ಯವಸ್ಥೆಯಲ್ಲಿ ಚಾಲಕರು ಹೊತ್ತಿಗೆ ಸರಿಯಾಗಿ ಬಂದು ಹೋಗುವುದು ಸೇವೆಯ ದಕ್ಷತೆಗೇ ಅಗತ್ಯ. ಅದಕ್ಕಾಗಿಯೇ ಅವರಿಗೆ ಬಸ್ಸಿನಲ್ಲಿ ಪ್ರಯಾಣದ ಸೌಲಭ್ಯ. ಆದುದರಿಂದ ಅವನು ಬರಿಯ ಪ್ರಯಾಣಿಕನಲ್ಲ. ದೋಣಿಗೂ ಬಸ್ಸಿಗೂ ಈ ಭೇದವನ್ನು ನ್ಯಾಯಶಾಸ್ತ್ರ ಒಪ್ಪಬಹುದು. ಪೋರಬಂದರಿನ ಸಂಸಾರಗಳಿಗೆ ಅದನ್ನು ತಿಳಿಯ ಹೇಳುವುದು ಮಾತ್ರ ಸುಲಭವಲ್ಲ.

ಸಪ್ತಮಿ ಕೈಕೊಟ್ಟ ಕಥೆ ಇದಾದರೆ, ಪಂಚಮಿ ಕೈಕೊಟ್ಟ ಕಥೆ ಇನ್ನೊಂದು. 1961ರ ಡಿಸೆಂಬರಿನಲ್ಲಿ ಹಡಗಿನ ನಾವಿಕನೊಬ್ಬನು ನಡು ಸಮುದ್ರದಲ್ಲಿ ಕಾಣೆಯಾದನು. ರಾತ್ರಿ ಅವನನ್ನು ಕಂಡವರಿದ್ದರು, ಬೆಳಗಿನ ಹೊತ್ತಿಗೆ ಅವನಿರಲಿಲ್ಲ, ದೇಹವೂ ಸಿಗಲಿಲ್ಲ. ಹಡಗಿನ ಮೇಲೆ ಇದ್ದವನು ಉದ್ಯೋಗದ ನಡುವೆ ಇದ್ದನೆಂಬುದು ಸಹಜವೇ. ಆದರೆ ಸಾವು ಉದ್ಯೋಗದಿಂದ ಹುಟ್ಟಿತೆ? ಹೇಗೆ ಸತ್ತನೆಂಬುದೇ ತಿಳಿಯದಿರುವಾಗ ಅದು ಕೆಲಸದ ಅಪಾಯದಿಂದ ಬಂದುದೆಂದು ಊಹಿಸಲು ಆಧಾರ ಸಾಲದೆಂದು 1969ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಪರಿಹಾರ ಕೇಳಿದ್ದ ತಂದೆಗೆ ಅದು ದೊರೆಯಲಿಲ್ಲ. 'ಅಂಡ್' ಎಂಬ ಪದದ ಬೆಲೆ ಅಂದು ಅಷ್ಟಾಯಿತು.

ಮನೆಯಿಂದ ಕೆಲಸಕ್ಕೆ ಹೋಗುವ ದಾರಿ ಉದ್ಯೋಗಕ್ಕೆ ಸೇರಿದ್ದೋ ಅಲ್ಲವೋ ಎಂಬ ಪ್ರಶ್ನೆ ಮತ್ತೆ ಮತ್ತೆ ಬಂದಿತು. ಕಾರ್ಮಿಕರ ರಾಜ್ಯ ವಿಮಾ ಕಾಯಿದೆಯಲ್ಲೂ ಇದೇ ಪದಪುಂಜಗಳು ಇದ್ದುವು. 1971ರಲ್ಲಿ ಸಂಜೆಯ ನಾಲ್ಕೂವರೆಯ ಪಾಳಿಗೆ ಸೈಕಲ್ಲಿನಲ್ಲಿ ಹೊರಟ ಕಾರ್ಮಿಕನೊಬ್ಬನು ಕಾರ್ಖಾನೆ ಇನ್ನು ಒಂದು ಕಿಲೋಮೀಟರು ಇದೆಯೆನ್ನುವಾಗ, ನಾಲ್ಕೂಕಾಲರ ಹೊತ್ತಿಗೆ, ಲಾರಿ ತಗಲಿ ಗಾಯಗೊಂಡನು. ಇದು ಉದ್ಯೋಗದ ಗಾಯವಲ್ಲವೆಂದು 1996ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಾಯಿತು. ಒಂದು ಕಿಲೋಮೀಟರು, ಹದಿನೈದು ನಿಮಿಷ; ಅದಕ್ಕೆ ಇಪ್ಪತ್ತೈದು ವರ್ಷಗಳ ವ್ಯಾಜ್ಯ.

ಕಡೆಗೆ ಸಂಸತ್ತೇ ಈ ಪದಪುಂಜಕ್ಕೆ ಅರ್ಥ ಬರೆಯಬೇಕಾಯಿತು. 2010ರಲ್ಲಿ ವಿಮಾ ಕಾಯಿದೆಗೆ ತಿದ್ದುಪಡಿಯಾಗಿ, ಮನೆಗೂ ಕೆಲಸದ ಸ್ಥಳಕ್ಕೂ ನಡುವಿನ ಪ್ರಯಾಣದಲ್ಲಾದ ಅಪಘಾತವನ್ನೂ, ಸಂದರ್ಭ, ಕಾಲ, ಸ್ಥಳಗಳು ಉದ್ಯೋಗದೊಡನೆ ಹೊಂದಿಕೊಂಡಿದ್ದರೆ, ಉದ್ಯೋಗದಿಂದಲೂ ಉದ್ಯೋಗದ ನಡುವೆಯೂ ಆದುದೆಂದು ಭಾವಿಸಬೇಕೆಂಬ ವಿಧಿ ಸೇರಿತು. 1923ರ ಕಾಯಿದೆಯಲ್ಲಿ ಅಂಥ ವಿವರಣೆ ಸೇರಲಿಲ್ಲ. ಅಲ್ಲಿ ಹಳೆಯ ಪದಪುಂಜಗಳೇ ಬೆತ್ತಲೆಯಾಗಿ ನಿಂತಿದ್ದುವು.

2003ರ ಏಪ್ರಿಲಿನಲ್ಲಿ ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರನು ಬೆಳಗಿನ ಜಾವ ಮೂರರ ಪಾಳಿಗೆಂದು ಮೋಟಾರ್ ಸೈಕಲ್ಲಿನಲ್ಲಿ ಹೊರಟು, ಕಾರ್ಖಾನೆಗೆ ಐದು ಕಿಲೋಮೀಟರು ಇರುವಂತೆಯೇ ಅಪಘಾತದಲ್ಲಿ ಸತ್ತನು. ಅವನ ಸಂಸಾರಕ್ಕೆ ಪರಿಹಾರಾಧಿಕಾರಿ ಕೊಟ್ಟಿದ್ದ ಹಣವನ್ನು ಹೈಕೋರ್ಟು ರದ್ದುಮಾಡಿತು. 2025ರ ಜುಲೈ 29ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ತೆಗೆದುಹಾಕಿತು. ಎರಡು ಕಾಯಿದೆಗಳ ಉದ್ದೇಶವೂ ಒಂದೇ, ಪದಪುಂಜಗಳೂ ಒಂದೇ. ಒಂದರಲ್ಲಿ ಬರೆದ ವಿವರಣೆ ಮತ್ತೊಂದರ ಅರ್ಥಕ್ಕೂ ಸಲ್ಲುತ್ತದೆ ಎಂದು ನ್ಯಾಯಮೂರ್ತಿಗಳು ನಿರ್ಣಯಿಸಿದರು. ನಿದ್ದೆಗಣ್ಣಿನಲ್ಲಿ ಎದ್ದು ಹೊರಟವನು ಆ ಹೊತ್ತಿನಲ್ಲಿ ಆ ದಾರಿಯಲ್ಲಿ ಇದ್ದುದು ಕೆಲಸಕ್ಕಾಗಿ ಅಲ್ಲದೆ ಬೇರೆ ಯಾತಕ್ಕೆ?

2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಪ್ರಯಾಣದ ಈ ವಿವರಣೆ ನೇರವಾಗಿಯೇ ಸೇರಿದೆ. ಆ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿತು. 'ಔಟ್ ಆಫ್ ಅಂಡ್ ಇನ್ ದಿ ಕೋರ್ಸ್ ಆಫ್' ಎಂಬ ಮಾತನ್ನು ಅಲ್ಲಿಯೂ ಅಳಿಸಿಲ್ಲ. 1897ರಲ್ಲಿ ಇದ್ದಂತೆಯೇ ಇದೆ. ಪಕ್ಕದಲ್ಲಿ, ಅಜ್ಜಿ ಕೇಳಿದಂಥ ಪ್ರಶ್ನೆಗೆ ಉತ್ತರವಾಗಿ, ಇನ್ನೊಂದು ವಾಕ್ಯ ಬಂದು ಕುಳಿತಿದೆ.